ಕಣ್ಣಿನ ಕಪ್ಪು

ಗಂಡನ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು, ಬಾಯಿ ಅರೆ ತೆರೆದು, ಕಣ್ಣಿಗೆ ಔಷಧಿಯ ಹನಿ ಯಾವಾಗ ಬೀಳುತ್ತದೋ ಎಂದು ಮಾಮ್ಲೆ ಕಾಯುತ್ತಿದ್ದಳು. ಕೊರ್ಕೊ ಹೆಬ್ಬೆರಳಿನಿಂದ ಅವಳ ಮೇಲುರೆಪ್ಪೆಯನ್ನು ಎತ್ತಿ ಹಿಡಿದಿದ್ದಳು. ಆ ಬೆರಳಿಗೆ ಕುಟ್ಟಿದ ಗಾಜಿನ ಧೂಳಿನ ವಾಸನೆಯಿತ್ತು, ಹೊಗೆಯಲ್ಲಿ ಒಣಗಿಸಿದ ಮೀನಿನ ವಾಸನೆಯಿತ್ತು, ಇವೆರಡರ ಅಡಿಯಲ್ಲಿ, ಬೇಡವೆಂದರೂ ಮೂಗಿಗೆ ಹತ್ತುವಂತೆ, ತನ್ನ ಮಗು ದೇದೆಯ ನೆತ್ತಿಗೆ ತಿಕ್ಕುವ ತಾಳೆಬೀಜದ ಎಣ್ಣೆಯ ವಾಸನೆಯಿತ್ತು. ಅಂದರೆ ಇಷ್ಟು ಹೊತ್ತಿಗೆ ಎಣ್ಣೆ ಹಚ್ಚಿ ಆಗಿದೆ, ನೀರೂ ಹಾಕಿ ಆಗಿದೆ, ತನ್ನನ್ನು ಯಾರೂ ಕರೆಯಲಿಲ್ಲ. ರೆಪ್ಪೆ ತಾನಾಗಿಯೇ ಬಿಗಿಯಿತು.

"ಬಿಗೀಬೇಡ ಕಣೇ. ದಿನಾ ಇದೇ ಗೋಳು. ದೇದೆ ಮೂಗಿಗೆ ಔಷಧಿ ಬಿಟ್ರೂ ಇಷ್ಟು ಒದ್ದಾಡಲ್ಲ."

"ಬಿಗೀತಿಲ್ಲ ಅಕ್ಕಾ."

"ನನಗೆ ಕಾಣಲ್ವಾ? ನಾನೇನು ಕುರುಡಿನಾ?"

ಅಂದುಬಿಟ್ಟ ಮೇಲೆ ಕೊರ್ಕೊ ಗಂಟಲು ಸರಿಮಾಡಿಕೊಂಡು ಹನಿ ಬಿಟ್ಟಳು. ತಣ್ಣಗೆ ಬಿದ್ದದ್ದು ಒಂದು ಕ್ಷಣದಲ್ಲೇ ಉರಿಯಾಗಿ, ಹುಬ್ಬಿನ ಹಿಂದೆ ಯಾರೋ ಬೆರಳಿಟ್ಟು ಒತ್ತಿದಂತೆ ನೋವಾಗಿ ನಿಂತಿತು. ಇನ್ನು ಸ್ವಲ್ಪ ಹೊತ್ತಿಗೆ ಅಂಗಳದ ಬೆಳಕು ಇಳಿಯುತ್ತದೆ. ಹಗಲಿರುವಂತೆಯೇ ಇರುತ್ತದೆ, ಆದರೆ ಯಾರೋ ದೀಪ ಸಣ್ಣಗೆ ಮಾಡಿದ ಹಾಗೆ ಮಣ್ಣು, ಕೋಳಿ, ಕುಟ್ಟಿ ಗಾಜಿನ ಮಣಿ ಮಾಡಲು ಮೂಟೆ ಕಟ್ಟಿಟ್ಟ ಖಾಲಿ ಬಾಟಲಿಗಳು, ಎಲ್ಲಕ್ಕೂ ಮುಸ್ಸಂಜೆಯ ಬಣ್ಣ ಬರುತ್ತದೆ. ಹನಿ ಕಣ್ಣಿನ ನಡುವಿನ ಕಪ್ಪನ್ನು ಮುದುಡಿಸಿ ಸೂಜಿಮೊನೆಯಷ್ಟು ಮಾಡುತ್ತದೆ, ಹಾಗೆ ಮುದುಡಿದರೇ ಒಳಗಿನ ನೀರು ಹರಿದುಹೋಗಿ ಒತ್ತಡ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಮೊದಲು ಬೇರೆ ಹನಿ ಇತ್ತು. ಅದನ್ನು ಹಾಕಿಕೊಂಡ ಮೇಲೆ ಅವಳಿಗೆ ಉಬ್ಬಸ ಬಂದು ಒಮ್ಮೆ ಮಣಿ ತೊಳೆಯುವ ಕಲ್ಲಿನ ಮೇಲೆಯೇ ಕುಸಿದಿದ್ದಳು. ಆಗ ಇದನ್ನು ಕೊಟ್ಟರು. ಹೆರಿಗೆಗೆ ಮೂರು ವಾರವಿತ್ತು. ದೇದೆ ಹುಟ್ಟಿ ಕಣ್ಣು ಬಿಟ್ಟು ಮೊದಲು ನೋಡಿದ್ದೇ ಈ ಸೂಜಿಮೊನೆಗಳನ್ನು.

ಕೊರ್ಕೊ ಎದ್ದು ಬೆನ್ನಿನ ಮೇಲಿನ ಬಟ್ಟೆಯನ್ನು ಬಿಗಿಮಾಡಿಕೊಂಡಳು. ಬೆನ್ನಿನಲ್ಲಿ ಮಗು ಇತ್ತು. ಇಷ್ಟು ಹೊತ್ತೂ ಇತ್ತು. ಕೊರ್ಕೊಳ ಭುಜದ ಮೇಲಿಂದ ಎದ್ದ ಅದರ ಮುಖ ಮಾಮ್ಲೆಯ ಕಡೆ ತಿರುಗಿತು, ನೋಡಿತು, ಮತ್ತೆ ಕೊರ್ಕೊಳ ಕಿವಿಯ ಕಡೆಗೆ ಹೊರಳಿತು. ಅಳಲಿಲ್ಲ, ಮುನಿಯಲಿಲ್ಲ. ಗೋಡೆಯನ್ನು ನೋಡಿ ಮುಂದೆ ಹೋದ ಹಾಗೆ. ಹಾಲಿಗೆ ಬರುತ್ತದೆ, ಕುಡಿಯುತ್ತದೆ, ಕುಡಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತದೆ, ಮುಗಿದ ಮೇಲೆ ಸೋದರತ್ತೆಯ ಧ್ವನಿಗೆ ಕತ್ತು ಚಾಚುತ್ತದೆ. ಏಳು ತಿಂಗಳ ಮಗು. ಇದನ್ನು ಯಾರಿಗಾದರೂ ಹೇಳಿಕೊಂಡರೆ ನಗುತ್ತಾರೆ. ಗಂಡ ಲಾವೆರ್‌ಗೆ ಹೇಳಿದ್ದಳು. ಅವನು ರಾಜಧಾನಿ ಅಕ್ರಾದ ಬಾರುಗಳಿಂದ ಒಟ್ಟುಮಾಡಿ ತಂದ ಹಸಿರು ಬಾಟಲಿಗಳನ್ನು ಬೇರೆ ಮಾಡುತ್ತ, "ನನ್ನನ್ನಂತೂ ಅದು ಕಣ್ಣೆತ್ತಿಯೂ ನೋಡಲ್ಲ. ನಾನು ಅಳ್ತಾ ಕೂತಿದೀನಾ?" ಎಂದಿದ್ದ. ಅಗೊರ್ಮಾನ್ಯದ ಸಂತೆಯಲ್ಲಿ ಪಕ್ಕದಲ್ಲಿ ಮಣಿ ಮಾರುವವಳು ಹಾಗೆ ಸುಲಭವಾಗಿ ಬಿಡುವವಳಲ್ಲ. ಗಲ್ಲ ಹಿಡಿದು ಮುಖ ಎತ್ತಿ, "ಇದೇನೇ ನಿನ್ನ ಕಣ್ಣು, ಮಣಿಗೆ ತೂತು ಬಿಡೋದೇ ಮರೆತಂಗಿದೆ," ಎಂದು ಸುತ್ತಲಿನವರಿಗೆ ತೋರಿಸಿದ್ದಳು. ಎಲ್ಲರೂ ನಕ್ಕರು. ಮಾಮ್ಲೆಯೂ ನಕ್ಕಳು. ನಗುವಾಗ ಮಗುವಿನ ಮುಖ ನೋಡಿದಳು. ಅದು ಎಲ್ಲರ ಮುಖವನ್ನೂ ನೋಡಿ ಕೇಕೆ ಹಾಕುತ್ತ, ತಾಯಿಯ ಮುಖಕ್ಕೆ ಬಂದಾಗ ಮಾತ್ರ ಸುಮ್ಮನಾಯಿತು. ಅಥವಾ ಹಾಗೆ ಅನ್ನಿಸಿತು.

ಆ ತಿಂಗಳು ಒತ್ತಡ ಅಳೆಸಲು ಕಣ್ಣಿನ ಆಸ್ಪತ್ರೆಗೆ ಹೋದಾಗ ನರ್ಸ್ ಸೆಲಾಸಿ ಮಗುವನ್ನು ಎತ್ತಿಕೊಂಡಳು. ಅಗಲ ಮುಖದ, ಸದಾ ಏನಾದರೂ ಅಗಿಯುತ್ತಲೇ ಇರುವ ಹೆಂಗಸು. ದೇದೆ ಅವಳ ಮುಖವನ್ನೇ ನೋಡುತ್ತ ಉಸಿರು ಕಟ್ಟಿದಂತೆ ಕೂತಿತ್ತು. "ನೋಡಿ, ಹೆಂಗೆ ಕುಡೀತಿದೆ ನನ್ನನ್ನ," ಎಂದಳು ನರ್ಸ್. "ಎಳೆ ಕೂಸುಗಳು ಬಾಯಿ ನೋಡಲ್ಲ ತಾಯಿ, ಕಣ್ಣಿನ ಕಪ್ಪು ನೋಡ್ತವೆ. ನಮ್ಮ ಕಪ್ಪು ಅರಳಿದ್ರೆ ಅವರದೂ ಅರಳತ್ತೆ. ನಮ್ಮದು ಮುದುಡಿದ್ರೆ ಅವರದೂ ಮುದುಡತ್ತೆ. ನಾವು ಬೇಕು ಅಂತ ಮಾಡಲ್ಲ, ಅವೂ ಬೇಕು ಅಂತ ಮಾಡಲ್ಲ. ದೊಡ್ಡೋರಲ್ಲೂ ಹಿಂಗೇ ಅಂತೆ. ಟ್ರೇನಿಂಗಲ್ಲಿ ಯಾರೋ ಹೇಳಿದ್ರು, ನನಗೆ ಇದೊಂದೇ ನೆನಪುಳಿದಿರೋದು."

"ನನ್ನ ಕಪ್ಪು ಅರಳೋದೇ ಇಲ್ವಲ್ಲ," ಎಂದಳು ಮಾಮ್ಲೆ.

"ನಿಮ್ಮದು ಅರಳಬಾರದು. ಅದಕ್ಕೇ ತಾನೇ ಹನಿ."

"ಹಂಗಾದ್ರೆ ನನ್ನ ಕಣ್ಣು ನೋಡಿ ಇದು ಏನು ಅಂದ್ಕೊಳತ್ತೆ?"

ನರ್ಸ್ ಆಗಲೇ ಬಾಗಿಲ ಕಡೆ ತಿರುಗಿ ಮುಂದಿನವರ ಹೆಸರು ಕೂಗುತ್ತಿದ್ದಳು. ಮಗುವನ್ನು ಮಾಮ್ಲೆಯ ಮಡಿಲಿಗೆ ಇಳಿಸಿ, ಅದರ ಕೆನ್ನೆಗೆ ಅಂಟಿದ್ದ ತನ್ನ ಬಿಸ್ಕತ್ತಿನ ಚೂರನ್ನು ಒರೆಸಿ ಹೋದಳು. ಒಳಗೆ ಡಾಕ್ಟರು ಒತ್ತಡ ಇಳಿದಿದೆ ಎಂದರು, ಸಂತೋಷದಿಂದಲೇ ಎಂದರು. "ಎಡಗಣ್ಣು ಆಗಲೇ ಅರ್ಧ ಹಾಳಾಗಿದೆ, ಹೋದದ್ದು ಬರಲ್ಲ. ಇರೋದನ್ನ ಉಳಿಸ್ಕೊಳ್ಳಿ. ಒಂದು ಹೊತ್ತೂ ತಪ್ಪಿಸಬೇಡಿ." ಅವಳು ತಲೆಯಾಡಿಸಿದಳು. ತಲೆಯಾಡಿಸುತ್ತಲೇ ಡಾಕ್ಟರ ಕಣ್ಣಿನ ಕಪ್ಪನ್ನು ಹುಡುಕಿದಳು. ಅವರು ಕೆಳಗೆ ನೋಡಿ ಬರೆಯುತ್ತಿದ್ದರು.

ಅವಳ ಅಪ್ಪ ಆಂಗ್ಮೋರ್, ಸೊಮಾನ್ಯ ಊರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಇದೇ ಕಾಯಿಲೆ. ಹನಿಯಿರಲಿಲ್ಲವೋ, ಇದ್ದರೂ ಯಾರೂ ಹೇಳಲಿಲ್ಲವೋ, ಮಾಮ್ಲೆಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವನು ಬೆರಳಿನಿಂದಲೇ ತಂತಿ ಹುಡುಕುತ್ತಿದ್ದ. ಅವನ ಮುಂದೆ ಕೂತು ಅವಳು ಕಣ್ಣು ಅಗಲಿಸುತ್ತಿದ್ದಳು, ನಾಲಿಗೆ ಚಾಚುತ್ತಿದ್ದಳು, ಹುಬ್ಬು ಏರಿಸುತ್ತಿದ್ದಳು. ಒಂದು ದಿನ ಅವ್ವ ಅದನ್ನು ನೋಡಿ ಬೆನ್ನಿಗೆ ಬಾರಿಸಿದಳು. "ಕಾಣದೋನ್ನ ಅಣಕಿಸ್ತೀಯಾ?" ಅಪ್ಪ, "ಯಾರು, ಏನು, ಯಾಕೆ ಹೊಡೆದೆ?" ಎಂದು ಧ್ವನಿ ಬಂದ ಕಡೆಗೆ, ಒಂದಿಷ್ಟು ತಡವಾಗಿ, ಒಂದಿಷ್ಟು ಪಕ್ಕಕ್ಕೆ ಮುಖ ತಿರುಗಿಸಿದ. ಅದು ಅಣಕವಾಗಿರಲಿಲ್ಲ. ಅವನ ಮುಖದಿಂದ ಏನೋ ಒಂದು ತಿರುಗಿ ಬರುತ್ತದೆಂದು ಕಾದಿದ್ದಳು, ಅಷ್ಟೆ. ಅಪ್ಪ ಒಳ್ಳೆಯವನು, ಅವಳ ತಲೆ ಸವರಿ ಕಡಲೆಕಾಯಿ ಬೇಯಿಸಿಕೊಡುತ್ತಿದ್ದ. ಆದರೆ ಅವನು ಸತ್ತಾಗ ಮಾಮ್ಲೆ ಅತ್ತದ್ದು ಅವನ ಕೈಗಳಿಗಾಗಿ, ಮುಖಕ್ಕಲ್ಲ. ಮುಖವನ್ನು ಅವಳು ಯಾವಾಗಲೋ ಬಿಟ್ಟುಬಿಟ್ಟಿದ್ದಳು. ದೇದೆಯೂ ಬಿಟ್ಟುಬಿಡುತ್ತದೆ. ಈಗಾಗಲೇ ಬಿಡುತ್ತಿದೆ.

ದೇದೆಯಂಥ ಕಡುಗಂದು ಕಣ್ಣುಗಳಲ್ಲಿ ನಡುವಿನ ಕಪ್ಪನ್ನು ಬೇರೆಯಾಗಿ ಕಾಣುವುದು ಸುಲಭವಲ್ಲ. ಕಂದು ಎಲ್ಲಿ ಮುಗಿಯಿತು, ಕಪ್ಪು ಎಲ್ಲಿ ಸುರುವಾಯಿತು ಗೊತ್ತಾಗುವುದಿಲ್ಲ. ಬೆಳಗಿನ ಬಿಸಿಲು ಅಡ್ಡವಾಗಿ ಬೀಳುವಾಗ, ಬಾಗಿಲ ಹತ್ತಿರ, ಪಕ್ಕದಿಂದ ನೋಡಿದರೆ ಕಾಣುತ್ತದೆ. ಇದನ್ನು ಮಾಮ್ಲೆ ಕಂಡುಹಿಡಿದಳು. ಕೊರ್ಕೊ ಹೊಸ್ತಿಲ ಮೇಲೆ ಕೂತು ಮಗುವನ್ನು ಮೊಣಕಾಲ ಮೇಲೆ ನಿಲ್ಲಿಸಿ, "ಯಾರು ನೀನು, ಯಾವೂರ ಮುದುಕಿ ನೀನು, ಹಲ್ಲೇ ಇಲ್ವಲ್ಲೇ ನಿಂಗೆ," ಎಂದು ಕುಣಿಸುವಾಗ ಮಾಮ್ಲೆ ಮಣಿ ಪೋಣಿಸುವ ನೆಪದಲ್ಲಿ ಪಕ್ಕ ಕೂತು ನೋಡಿದಳು. ಮಗುವಿನ ಕಂದಿನೊಳಗೆ ಕಪ್ಪು ಅರಳಿತು. ಹೊಂಡದಲ್ಲಿ ನೀರು ಏರಿದಂತೆ, ಸದ್ದಿಲ್ಲದೆ. ಅವಳ ಕೈಯ ದಾರ ಜಾರಿತು. ಆಮೇಲೆ ಮಗುವನ್ನು ತಾನೇ ತೆಗೆದುಕೊಂಡು ಅದೇ ಹೊಸ್ತಿಲಲ್ಲಿ, ಅದೇ ಬಿಸಿಲಲ್ಲಿ, ಅದೇ ಮಾತು ಹೇಳಿದಳು. ಕಪ್ಪು ಮುದುಡಿ ಚುಕ್ಕೆಯಾಯಿತು. ಬಿಸಿಲು ಏರಿತ್ತೇನೋ. ಮಗುವಿಗೆ ಹಸಿವಿತ್ತೇನೋ. ಹೀಗೆಲ್ಲ ಅಂದುಕೊಂಡಳು, ಆದರೆ ಯಾವುದನ್ನೂ ನಂಬಲಿಲ್ಲ.

ಕೊರ್ಕೊಳನ್ನು ದ್ವೇಷಿಸಲು ಕಾರಣವೇ ಇರಲಿಲ್ಲ. ಮಣಿ ಸುಡುವ ಭಟ್ಟಿ ಅವಳದು, ಮನೆ ಅವಳದು, ಅಕೂಸೆಯಲ್ಲಿ ಗಂಡನ ಕಡೆಯವರು ಮಕ್ಕಳಾಗಲಿಲ್ಲವೆಂದು ಕಳಿಸಿದ ಮೇಲೆ ಬರಿಗೈಯಲ್ಲಿ ಬಂದು ಬಾಟಲಿ ಕುಟ್ಟಿ ಕಟ್ಟಿಕೊಂಡದ್ದು. ತಮ್ಮನನ್ನೂ ತಮ್ಮನ ಹೆಂಡತಿಯನ್ನೂ ಕರೆದಿಟ್ಟುಕೊಂಡಳು. ದಿನಕ್ಕೆ ನಾಲ್ಕು ಸಲ ಕೆಲಸ ಬಿಟ್ಟು ಬಂದು ತೊಡೆ ಕೊಟ್ಟು ಹನಿ ಹಾಕುತ್ತಾಳೆ. ಇಂಥವಳ ತೊಡೆಯ ಮೇಲೆ ಮಲಗಿ, ಇವಳ ಕಪ್ಪು ಏಕೆ ಇಷ್ಟು ದೊಡ್ಡದು ಎಂದು ತಲೆಕೆಳಗಾಗಿ ನೋಡುತ್ತಿದ್ದ ತನ್ನ ಬಗ್ಗೆಯೇ ಮಾಮ್ಲೆಗೆ ಹೇಸಿಗೆಯಾಗುತ್ತಿತ್ತು.

"ಇನ್ಮೇಲೆ ನಾನೇ ಹಾಕ್ಕೋತೀನಿ ಅಕ್ಕಾ," ಎಂದಳು ಒಂದು ಬೆಳಿಗ್ಗೆ.

"ಕೈ ನಡುಗತ್ತೆ ಅಂತಿದ್ದೆ."

"ಈಗ ನಡುಗಲ್ಲ. ನಿಮ್ಮ ಕೆಲಸ ಕೆಡತ್ತೆ."

ಕೊರ್ಕೊ "ಆಯ್ತಮ್ಮ, ದೊಡ್ಡೋಳಾದೆ," ಎಂದು ಶೀಸೆಯನ್ನು ಅವಳ ಕೈಗಿಟ್ಟಳು. ಮನೆಯ ಹಿಂದೆ ಮರಗೆಣಸಿನ ಗಿಡಗಳ ನಡುವೆ ನಿಂತು ಮಾಮ್ಲೆ ತಲೆ ಹಿಂದಕ್ಕೆ ಚೆಲ್ಲಿದಳು, ಯಾರಾದರೂ ನೋಡುತ್ತಿರಬಹುದೆಂದು. ಶೀಸೆಯನ್ನು ಕಣ್ಣಿನ ಮೇಲೆ ತಂದು, ಕೊನೆಯಲ್ಲಿ ಕೆನ್ನೆಯ ಪಕ್ಕಕ್ಕೆ ಸರಿಸಿ ಒತ್ತಿದಳು. ಹನಿ ಕಿವಿಯ ಹಿಂದೆ ಇಳಿದು ಕತ್ತಿಗೆ ಹೋಯಿತು. ಮರುದಿನದಿಂದ ಆ ನಾಟಕವೂ ಇರಲಿಲ್ಲ, ನೇರವಾಗಿ ಮಣ್ಣಿಗೆ. ಕಣ್ಣು ಹೋಗುವುದು ನಿಧಾನ, ಮಗು ಬೆಳೆಯುವುದು ಬೇಗ ಎಂದು ತನಗೆ ತಾನೇ ಹೇಳಿಕೊಂಡಳು. ಸ್ವಲ್ಪ ದಿನ. ಅದು ನನ್ನ ಮುಖದ ಗುರುತು ಹಿಡಿಯುವವರೆಗೆ. ಆಮೇಲೆ ಮತ್ತೆ ಹಾಕಿಕೊಂಡರಾಯಿತು.

ಮತ್ತೆ ಬೆಳಕು ಬಂತು. ತಿಂಗಳುಗಟ್ಟಲೆ ಮುಸ್ಸಂಜೆಯಲ್ಲಿದ್ದವಳಿಗೆ ಮಣಿಗಳ ಹಳದಿ, ಆಚೆಯ ಗುಡ್ಡದ ಹಸಿರು, ಲಾವೆರ್‌ನ ಹಲ್ಲಿನ ಸಂದು, ಎಲ್ಲವೂ ಮೈಮೇಲೆ ಬಿದ್ದ ಹಾಗೆ. ಹುಬ್ಬುನೋವು ಹೋಯಿತು. ಸಂತೆಯಲ್ಲಿ ಕನ್ನಡಿ ಮಾರುವವನ ಹತ್ತಿರ ನಿಂತು ಕಣ್ಣು ನೋಡಿಕೊಂಡಳು. ನಡುವೆ ಕಪ್ಪು ದುಂಡಗೆ, ಬೇರೆಯವರ ಕಣ್ಣಿನಂತೆಯೇ ಇತ್ತು. ಮಗು ಒಂದೆರಡು ದಿನ ಅನುಮಾನದಿಂದ ನೋಡಿತು. ಆಮೇಲೆ ಒಂದು ಬೆಳಿಗ್ಗೆ ಹಾಲು ಕುಡಿಯುತ್ತ ಕುಡಿಯುತ್ತ ನಿಲ್ಲಿಸಿ, ಬಾಯಿಂದ ಮೊಲೆ ಬಿಟ್ಟು, ಮೇಲೆ ನೋಡಿತು. ಬಾಗಿಲ ಬಿಸಿಲು ಅದರ ಕೆನ್ನೆಯ ಮೇಲಿತ್ತು. ಕಂದಿನೊಳಗೆ ಕಪ್ಪು ಅರಳಿತು. ಹಾಲು ಹನಿಯುತ್ತಿದ್ದ ಬಾಯಿ ಅಗಲವಾಯಿತು. ಮಾಮ್ಲೆ ಅಲುಗಾಡಲಿಲ್ಲ. ಉಸಿರಾಡಿದರೂ ಅದು ಮುದುಡಿಬಿಡುತ್ತದೆಂಬ ಭಯ. ಒಳಗೆ ಬಂದ ಲಾವೆರ್ ಹೆಂಡತಿಯನ್ನು ನೋಡಿ, "ಏನಾಯ್ತು, ಯಾಕೆ ಅಳ್ತಿದೀಯ?" ಎಂದು ಕೇಳಿದ. "ಹೊಗೆ," ಎಂದಳು.

ಆ ದಿನಗಳಲ್ಲಿ ಅವಳು ಸುಖವಾಗಿದ್ದಳು ಎನ್ನಬೇಕು. ಆದರೆ ಆ ಸುಖಕ್ಕೆ ಮೊದಲಿನಿಂದಲೂ ಒಂದು ಕಾವಲಿತ್ತು. ಮಗು ನಕ್ಕರೆ ನಗುವನ್ನಲ್ಲ, ಕಣ್ಣನ್ನು ನೋಡುತ್ತಿದ್ದಳು. ಅತ್ತರೂ ಕಣ್ಣನ್ನೇ. ಕೊರ್ಕೊ ಎತ್ತಿಕೊಂಡಾಗ ಎಷ್ಟು ಅರಳಿತು, ತಾನು ಎತ್ತಿಕೊಂಡಾಗ ಎಷ್ಟು, ಮನಸ್ಸಿನಲ್ಲೇ ಅಕ್ಕಪಕ್ಕ ಇಟ್ಟು ನೋಡುತ್ತಿದ್ದಳು. ಹೀಗೆ ದುರುಗುಟ್ಟಿ ನೋಡುವ ತಾಯಿಯ ಮುಖದಿಂದ ಮಗು ಕೆಲವು ಸಲ ಸುಸ್ತಾದಂತೆ ತಿರುಗಿಕೊಳ್ಳುತ್ತಿತ್ತು. ಆಗ ಗಲ್ಲ ಹಿಡಿದು ತನ್ನ ಕಡೆ ತಿರುಗಿಸುತ್ತಿದ್ದಳು. ಒಮ್ಮೆ ಬೆರಳಿನ ಗುರುತು ಮೂಡುವಷ್ಟು ಗಟ್ಟಿಯಾಗಿ. ಕೊರ್ಕೊ ಅದನ್ನು ನೋಡಿ, "ಸೊಳ್ಳೆ ಕಚ್ಚಿದೆ ಅನ್ಸತ್ತೆ," ಎಂದಳು, ಮಾಮ್ಲೆಯ ಮುಖ ನೋಡದೆ.

ಎಡಗಡೆ ಕಡಿಮೆಯಾಗುತ್ತಿದ್ದುದು ಅವಳಿಗೆ ಗೊತ್ತಾಗಲಿಲ್ಲ ಎನ್ನುವಂತಿಲ್ಲ. ಕತ್ತಲೆಯ ಹಾಗೆ ಅದು ಬರಲಿಲ್ಲ. ಸುಮ್ಮನೆ ಕೆಲವು ವಸ್ತುಗಳು ಇರಲಿಲ್ಲ, ಆಮೇಲೆ ಇದ್ದಕ್ಕಿದ್ದಂತೆ ಇದ್ದವು. ಇಲ್ಲದ ಕಡೆಯಿಂದ ಕೋಳಿ ಹಾರಿತು. ಇಲ್ಲದ ಬಟ್ಟಲಿಗೆ ಕೈ ತಾಗಿ ಬೆಂಡೆಕಾಯಿ ಸಾರು ಚೆಲ್ಲಿತು. "ಕುಡಿದಿದೀಯೇನೇ?" ಎಂದು ಲಾವೆರ್ ತಮಾಷೆ ಮಾಡಿದ, "ನನಗೂ ಒಂದಿಷ್ಟು ಇಡಬಾರದಾ?" ಅಚ್ಚುಗಳಿಗೆ ಗಾಜಿನ ಪುಡಿ ತುಂಬಿ, ತೂತು ಉಳಿಯಲೆಂದು ಪ್ರತಿ ಗುಳಿಯ ನಡುವೆ ಮರಗೆಣಸಿನ ಎಲೆಯ ತೊಟ್ಟು ನಿಲ್ಲಿಸುವುದು ಅವಳ ಕೆಲಸ. ಬೆಂಕಿಯಲ್ಲಿ ತೊಟ್ಟು ಸುಟ್ಟು ತೂತು ಉಳಿಯುತ್ತದೆ. ಒಂದು ಸಲ ಭಟ್ಟಿಯಿಂದ ತೆಗೆದಾಗ ಅಚ್ಚಿನ ಎಡಸಾಲಿನ ಮಣಿಗಳೆಲ್ಲ ತೂತಿಲ್ಲದ ಗುಂಡುಗಳಾಗಿದ್ದವು. ಕೊರ್ಕೊ ಒಂದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿದಳು.

"ಹನಿ ಹಾಕ್ಕೋತಿದೀಯ ತಾನೇ?"

"ಹಾಕ್ಕೋತಿದೀನಿ."

"ನಾಲ್ಕು ಹೊತ್ತೂ?"

"ನಂಬಿಕೆ ಇಲ್ವಾ ಅಕ್ಕಾ?"

ಕೊರ್ಕೊ ಗಾಜಿನ ಗುಂಡನ್ನು ಮತ್ತೆ ಕುಟ್ಟುವ ಒರಳಿಗೆ ಹಾಕಿದಳು. "ನಂಬಿಕೆ ಇಲ್ದೆ ಏನು. ನಿನ್ನ ಕಣ್ಣು, ನೀನು ನೋಡ್ಕೋತೀಯ." ಅಷ್ಟು ಹೇಳಿದ ಧ್ವನಿಯಲ್ಲಿ ಕೋಪವಿದ್ದಿದ್ದರೆ ಮಾಮ್ಲೆ ಅಲ್ಲೇ ಹೇಳಿಬಿಡುತ್ತಿದ್ದಳು. ಕೋಪವಿರಲಿಲ್ಲ.

ಅದು ನಡೆದದ್ದು ಸಂತೆಯ ಹಿಂದಿನ ದಿನ, ಮಧ್ಯಾಹ್ನ. ಭಟ್ಟಿ ಎರಡು ಸಲ ತುಂಬಿ ಇಳಿದಿತ್ತು, ಮೂರನೆಯದು ಒಳಗಿತ್ತು. ಮಾಮ್ಲೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಅಂಗಳ ದಾಟುತ್ತಿದ್ದಳು. ದೇದೆ ಅವಳ ಮುಖವನ್ನೇ ನೋಡುತ್ತ "ಬಾ ಬಾ ಬಾ" ಎನ್ನುತ್ತಿತ್ತು. ಅಂದು ಬೆಳಗಿನಿಂದ ಅದು ಕೊರ್ಕೊಳ ಹತ್ತಿರ ಹೋಗಿರಲಿಲ್ಲ, ತಾಯಿಯ ಕೊರಳು ಬಿಟ್ಟಿರಲಿಲ್ಲ. ಇದನ್ನು ಕೊರ್ಕೊ ನೋಡಲಿ ಎಂದೇ ಮಾಮ್ಲೆ ಭಟ್ಟಿಯ ಕಡೆ ಹೋದದ್ದು. ಬೇರೆ ಕೆಲಸವೇನೂ ಅಲ್ಲಿರಲಿಲ್ಲ. ಇದನ್ನು ಅವಳು ಆಮೇಲೂ ಯಾರಿಗೂ ಹೇಳಲಿಲ್ಲ. ಮಗುವಿನ ಮುಖದಿಂದ ಕಣ್ಣು ತೆಗೆಯದೆ, ಅದರ ಕಪ್ಪಿನಲ್ಲಿ ತನ್ನ ತಲೆಯ ಆಕಾರ ಸಣ್ಣಗೆ ಕಾಣುವುದನ್ನು ನೋಡುತ್ತ ನಡೆದಳು. ಎಡಗಡೆ ಏನೂ ಇರಲಿಲ್ಲ. ಏನೂ ಇಲ್ಲದ ಆ ಕಡೆಯಿಂದ ಕೊರ್ಕೊಳ ಧ್ವನಿ ಬಂತು, "ನಿಲ್ಲು, ನಿಲ್ಲೇ, ಮಗು," ಮತ್ತು ಮುಖಕ್ಕೆ ಶಾಖ ಬಡಿಯಿತು. ಕೊರ್ಕೊ ಕಬ್ಬಿಣದ ಸರಳಿನ ತುದಿಯಲ್ಲಿ ಕೆಂಪಗೆ ಕಾದ ಅಚ್ಚನ್ನು ಎತ್ತಿಕೊಂಡು ತಿರುಗಿದ್ದಳು. ನಡುವೆ ಒಂದು ತೋಳಿನ ಜಾಗವೂ ಇರಲಿಲ್ಲ. ಅವಳು ಸರಳನ್ನು ತನ್ನ ಕಡೆಗೇ ಎಳೆದುಕೊಂಡಳು. ಅಚ್ಚು ಅವಳ ಬಲ ಮುಂಗೈ ಮೇಲೆ ಬಿದ್ದು ಒಡೆಯಿತು. ಕರಗಿದ ಹಸಿರು ಗಾಜು ಚರ್ಮಕ್ಕೆ ಅಂಟಿಕೊಂಡಿತು.

ಕೊರ್ಕೊ ಕೂಗಲಿಲ್ಲ. ಬಾಯಿ ತೆರೆದಳು, ಕೂತಳು. ವಾಸನೆ ಬಂತು. ಆ ಹೊತ್ತಿನಲ್ಲಿ ಮಾಮ್ಲೆ ಮಾಡಿದ್ದು ಒಂದೇ: ಮಗುವಿನ ಕಣ್ಣು ನೋಡಿದಳು. ಸುಟ್ಟಿತೇ, ಕಿಡಿ ತಾಗಿತೇ ಎಂದು ನೋಡಿದ್ದು ಎಂದು ಆಮೇಲೆ ತನಗೆ ತಾನೇ ಎಷ್ಟು ಸಲ ಹೇಳಿಕೊಂಡರೂ, ಅವಳು ನೋಡಿದ್ದು ಅದನ್ನಲ್ಲ. ಮಗುವಿನ ಕಣ್ಣು ಭಯದಿಂದ ಪೂರ್ತಿ ಕಪ್ಪಾಗಿ ಅರಳಿತ್ತು, ಅವಳನ್ನೇ ನೋಡುತ್ತಿತ್ತು. ಅರಳಿದೆ ಎಂದು ಅವಳ ಮನಸ್ಸಿನೊಳಗೆ ಯಾರೋ ಗುರುತು ಹಾಕಿಕೊಂಡರು.

ಲಾವೆರ್ ಅಕ್ಕನನ್ನು ಮೊದಲು ದವಾಖಾನೆಗೆ ಕರೆದುಕೊಂಡು ಹೋದ. ವಾರವಾದ ಮೇಲೆ ಅಕ್ಕನೇ ಮಾಮ್ಲೆಯನ್ನು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಬಲಗೈಗೆ ಬಟ್ಟೆ ಸುತ್ತಿಕೊಂಡು, ಎಡಗೈಯಲ್ಲಿ ಮಾಮ್ಲೆಯ ಮೊಣಕೈ ಹಿಡಿದು, ಟ್ರೋಟ್ರೋ ಬಾಡಿಗೆ ವ್ಯಾನಿನ ಕಿಕ್ಕಿರಿದ ಸೀಟಿನಲ್ಲಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿ. ಡಾಕ್ಟರು ಕಣ್ಣಿಗೆ ದೀಪ ಹಿಡಿದು ನೋಡಿದರು, ಮತ್ತೆ ನೋಡಿದರು.

"ಹನಿ ಯಾವಾಗ ನಿಲ್ಲಿಸಿದ್ರಿ?"

"ನಿಲ್ಲಿಸಿಲ್ವಲ್ಲ ಡಾಕ್ಟ್ರೇ," ಎಂದಳು ಕೊರ್ಕೊ. "ದಿನಾ ಹಾಕ್ಕೋತಾಳೆ, ಹಿತ್ತಲಿಗೆ ಹೋಗಿ."

ಹೊರಗೆ ಸೆಲಾಸಿ ಯಾರನ್ನೋ ಗದರುತ್ತಿದ್ದಳು. "ನೆಲಕ್ಕೆ ಹಾಕ್ತಿದ್ದೆ," ಎಂದಳು ಮಾಮ್ಲೆ. ಏಕೆ ಎಂದು ಡಾಕ್ಟರು ಕೇಳಿದರು. ಹೇಳಲು ಹೋದಳು. ಮಕ್ಕಳು ಕಣ್ಣಿನ ಕಪ್ಪು ನೋಡುತ್ತವಂತೆ, ತನ್ನದು ಮುದುಡಿದ್ದರಿಂದ ಮಗು, ಹೊಸ್ತಿಲಲ್ಲಿ ಬಿಸಿಲಿಗೆ ಹಿಡಿದು ನೋಡಿದರೆ. ಮನಸ್ಸಿನೊಳಗೆ ಇಷ್ಟು ದಿನ ಬಂಡೆಯ ಹಾಗಿದ್ದದ್ದು ಆ ಬಿಳಿ ಗೋಡೆಗಳ ನಡುವೆ ನಾಲಿಗೆಯ ಮೇಲೆ ಪುಡಿಪುಡಿಯಾಯಿತು. ಡಾಕ್ಟರು ದೀಪ ಆರಿಸಿ, "ಎಡಗಣ್ಣು ಹೋಯ್ತಮ್ಮ," ಎಂದರು. "ಬಲಗಣ್ಣಲ್ಲಿ ನಡುವೆ ಒಂದಿಷ್ಟು ಉಳಿದಿದೆ. ಕೊಳವೆಯಲ್ಲಿ ನೋಡಿದ ಹಾಗೆ ಕಾಣತ್ತೆ. ಅದನ್ನೂ ಕಳ್ಕೋಬೇಡಿ."

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಕೊರ್ಕೊ, ರಸ್ತೆಯನ್ನೇ ನೋಡುತ್ತ, ಸಣ್ಣಗೆ ಕೇಳಿದಳು.

"ಮಗು ನನ್ನ ಹತ್ರ ಬರತ್ತೆ ಅಂತಾನಾ?"

ಮಾಮ್ಲೆ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಬಾಯಿಬಿಟ್ಟು ಹೇಳಿದ್ರೆ ನಾನು ಎತ್ಕೋತಾನೇ ಇರಲಿಲ್ಲ ಕಣೇ. ನನಗೇನು, ಬಾಟಲಿ ಕುಟ್ಕೊಂಡು ಇರ್ತಿದ್ದೆ. ಇಷ್ಟು ವರ್ಷ ಇರಲಿಲ್ವಾ?" ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲೆ ಸರಿಸಿಟ್ಟುಕೊಂಡು, "ನಿನ್ನ ಅಪ್ಪನ್ನ ನೋಡಿದೀನಿ ನಾನು. ರೇಡಿಯೋ ಕೊಡೋಕೆ ಹೋದಾಗ. ಮುಂದೆ ನಿಂತಿರೋದು ಹೆಂಗಸೋ ಗಂಡಸೋ ಅಂತ ಕೇಳ್ತಿದ್ರು ಪಾಪ." ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಮಾಮ್ಲೆಗೆ. ಮನೆಯ ಹತ್ತಿರ ಇಳಿಯುವಾಗ ಕೊರ್ಕೊ ಮತ್ತೆ ಅವಳ ಮೊಣಕೈ ಹಿಡಿದಳು, ಎಡಗಡೆಯಿಂದ.

ಮತ್ತೆ ತೊಡೆ, ಮತ್ತೆ ಹನಿ, ಮತ್ತೆ ಮುಸ್ಸಂಜೆ. ಬಲಗೈ ಬಾಗದ್ದರಿಂದ ಕೊರ್ಕೊ ಎಡಗೈಯಲ್ಲಿ ಹಾಕುತ್ತಿದ್ದಳು. ಎರಡು ಹನಿ ಹುಬ್ಬಿನ ಮೇಲೆ ಬಿದ್ದು ಮೂರನೆಯದು ಒಳಗೆ ಹೋಗುತ್ತಿತ್ತು. "ತಾಳು, ತಾಳು, ಇನ್ನೊಂದು," ಎನ್ನುತ್ತಿದ್ದಳು. ಮಾಮ್ಲೆ ತಾಳುತ್ತಿದ್ದಳು. ಎದ್ದ ಮೇಲೆ ಪ್ರತಿ ಸಲವೂ "ನಿಮಗೆ ತೊಂದರೆ ಆಯ್ತು ಅಕ್ಕಾ" ಎನ್ನುತ್ತಿದ್ದಳು, ಕೊರ್ಕೊ ಪ್ರತಿ ಸಲವೂ "ಏನ್ ತೊಂದರೆ" ಎನ್ನುತ್ತಿದ್ದಳು. ಆ ಬಟ್ಟೆ ಸುತ್ತಿದ ಕೈ ಕೋಣೆಯೊಳಗೆ ಬಂದರೆ ಮಾಮ್ಲೆಯ ಎದೆಯೊಳಗೆ ಏನೋ ಹಿಂದಕ್ಕೆ ಸರಿಯುತ್ತಿತ್ತು. ಕೃತಜ್ಞತೆ ಎಂದುಕೊಂಡಳು. ತಪ್ಪಿತಸ್ಥೆಯ ನಾಚಿಕೆ ಎಂದುಕೊಂಡಳು. ಬಾಯಲ್ಲಿ ಒಳ್ಳೆಯ ಮಾತನ್ನೇ ಆಡಿದಳು, ಕೊರ್ಕೊಳ ತಟ್ಟೆಗೆ ಮೀನಿನ ದೊಡ್ಡ ತುಂಡನ್ನೇ ಬಡಿಸಿದಳು. ಆದರೆ ಅವಳ ಹೆಜ್ಜೆ ಸದ್ದು ಕೇಳಿದೊಡನೆ ಈಗ ಬಂದಳು ಎಂದು ಮೈ ಸೆಟೆಯುವುದು ನಿಲ್ಲಲಿಲ್ಲ. ಲಾವೆರ್ ತಮಾಷೆ ಮಾಡುವುದನ್ನು ಬಿಟ್ಟಿದ್ದ. ಬಾಟಲಿ ಮೂಟೆಗಳನ್ನು ಅವಳ ದಾರಿಗೆ ಅಡ್ಡ ಬರದಂತೆ ಗೋಡೆಯ ಪಕ್ಕ ಜೋಡಿಸಿಡುತ್ತಿದ್ದ, ಅದೂ ಅವಳು ನೋಡದಿರುವಾಗ.

ಕೈಯ ಗಾಯದ ಬಟ್ಟೆ ಬಿಚ್ಚಿದ ದಿನ ಸಂಜೆಗೆ ಮೊದಲು ಕೊರ್ಕೊ ಕೈಕಾಲು ತೊಳೆದುಕೊಂಡು ಬಂದು ಚಾಪೆಯ ಮೇಲೆ ಕೂತಳು. ಮುಂಗೈ ಮೇಲೆ ಹೊಸ ಚರ್ಮ ನುಣ್ಣಗೆ, ಎಳೆಗೆಂಪಾಗಿ ಹೊಳೆಯುತ್ತಿತ್ತು, ಅದರೊಳಗೆ ಅಲ್ಲಲ್ಲಿ ಗಾಜಿನ ಹಸಿರು ಚುಕ್ಕೆಗಳು ಉಳಿದುಕೊಂಡಿದ್ದವು. ಗಾಯವಾದ ಮೇಲೆ ಅವಳು ಮಗುವನ್ನು ಎತ್ತಿಕೊಂಡಿರಲಿಲ್ಲ; ಮೊದಲು ನೋವಿತ್ತು, ಆಮೇಲೆ ಟ್ರೋಟ್ರೋದಲ್ಲಿ ಆಡಿದ ಮಾತಿತ್ತು. ಇವತ್ತು ತಡೆಯಲಾಗಲಿಲ್ಲವೇನೋ. ಮಾಮ್ಲೆಯ ಮಡಿಲಲ್ಲಿದ್ದ ದೇದೆಯ ಕಡೆ ಎರಡೂ ಕೈ ಚಾಚಿದಳು.

"ಬಾರೇ ಮುದುಕಿ. ಮರೆತುಬಿಟ್ಯಾ ನನ್ನ?"

ಮಗು ಅವಳನ್ನು ನೋಡಿತು. ಮೈಯೆಲ್ಲ ಮುಂದಕ್ಕೆ ಹೊರಟಿತು, ಕೈ ಎದ್ದಿತು. ಹಾಗೆ ಎದ್ದ ಕೈಯನ್ನು ಗಾಳಿಯಲ್ಲೇ ಬಿಟ್ಟು, ಏನನ್ನೋ ಕೇಳುವಂತೆ, ತಿರುಗಿ ತಾಯಿಯ ಮುಖ ನೋಡಿತು. ಹೆಚ್ಚು ಹೊತ್ತಲ್ಲ. ಕೈ ಕೆಳಗಿಳಿಯಿತು. ತುಟಿ ಮಡಿಸಿಕೊಂಡಿತು, ಮಾಮ್ಲೆಯ ಕೊರಳಿಗೆ ಮುಖ ಒತ್ತಿ ಕಿರುಚಲಾರಂಭಿಸಿತು.

ಕೊರ್ಕೊ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು. "ಗಾಯ ನೋಡಿ ಹೆದರ್ತು," ಎಂದಳು. ಸೆರಗಿನಂತೆ ಹೊದ್ದಿದ್ದ ಬಟ್ಟೆಯನ್ನು ಎಳೆದು ಮುಂಗೈ ಪೂರ್ತಿ ಮುಚ್ಚಿಕೊಂಡು ಮತ್ತೆ ಚಾಚಿದಳು. ಮತ್ತೆ ಮಗು ತಿರುಗಿ ನೋಡಿತು, ಮೊದಲು ಅವಳನ್ನು, ಆಮೇಲೆ ತಾಯಿಯನ್ನು, ಮತ್ತೆ ಕೊರಳಿಗೆ ಅಂಟಿಕೊಂಡಿತು. ಈ ಸಲ ಅದರ ಉಗುರು ಮಾಮ್ಲೆಯ ಭುಜಕ್ಕೆ ನಾಟಿತು.

ಅದು ಗಾಯವನ್ನು ನೋಡಲೇ ಇಲ್ಲ. ಕೊಳವೆಯಷ್ಟೇ ಉಳಿದಿದ್ದ ಬೆಳಕಿನಲ್ಲಿ ಮಾಮ್ಲೆ ಅದನ್ನು ಸ್ಪಷ್ಟವಾಗಿ ಕಂಡಿದ್ದಳು. ಅದು ನೋಡಿದ್ದು ತನ್ನನ್ನು. ಹನಿ ಹಾಕಿ ಇನ್ನೂ ಸ್ವಲ್ಪ ಹೊತ್ತಷ್ಟೇ ಆಗಿತ್ತು, ತನ್ನ ಕಪ್ಪು ಸೂಜಿಮೊನೆಯಷ್ಟೇ ಇರಬೇಕು. ಆದರೂ ಮಗುವಿಗೆ ಬೇಕಾದದ್ದು ಸಿಕ್ಕಿತ್ತು. ರೆಪ್ಪೆಯಲ್ಲೋ, ಹುಬ್ಬಿನ ಬುಡದಲ್ಲೋ, ಕಣ್ಣಿನ ಕೊನೆಯ ಎಳೆ ಬಿಗಿದುಕೊಂಡ ರೀತಿಯಲ್ಲೋ. ಬಹುಶಃ ಯಾವಾಗಲೂ ಸಿಗುತ್ತಿತ್ತು. ಕೊರ್ಕೊ ಬಂದಾಗಲೆಲ್ಲ ಎದೆಯೊಳಗೆ ಹಿಂದಕ್ಕೆ ಸರಿಯುತ್ತಿದ್ದುದನ್ನು, ತನಗೇ ಹೆಸರಿಡಲಾಗದೆ ಹೋದದ್ದನ್ನು, ಅದು ಒಂದು ನೋಟದಲ್ಲಿ ಓದಿ, ತನ್ನದು ಮಾಡಿಕೊಂಡು, ಅವಳ ಪರವಾಗಿ ಕಿರುಚುತ್ತಿತ್ತು.

"ಏನು ಹೇಳಿಕೊಟ್ಟೆ ಅದಕ್ಕೆ?" ಎಂದು ಕೊರ್ಕೊ ಕೇಳಿದಳು. ನಗುತ್ತ ಕೇಳಲು ಹೊರಟವಳ ಧ್ವನಿ ನಡುವೆ ಕೈಕೊಟ್ಟಿತು.

"ನಾನೇನೂ ಹೇಳಿಲ್ಲ ಅಕ್ಕಾ. ಆಣೆಯಾಗ್ಲೂ."

"ಗೊತ್ತು ಬಿಡು. ಮಾತು ಎಲ್ಲಿ ಬರತ್ತೆ ಅದಕ್ಕೆ."

ಕೊರ್ಕೊ ಏಳಲಿಲ್ಲ. ಚಾಪೆಯ ಮೇಲೆ, ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು, ಮಗು ಸುಮ್ಮನಾಗಬಹುದೆಂದು ಕಾಯುತ್ತಿದ್ದಳು. ಮಾಮ್ಲೆ ದೇದೆಯ ಬೆನ್ನು ತಟ್ಟುತ್ತ ಮೆಲ್ಲಗೆ ಅದನ್ನು ಕೊರಳಿನಿಂದ ಬಿಡಿಸಿ ಮುಂದೆ ಹಿಡಿದಳು. ಕೊರ್ಕೊಳ ಕಡೆ ತಿರುಗಿದಳು. ಅವಳನ್ನು ಪ್ರೀತಿಯಿಂದ ನೋಡಬೇಕು, ಈಗಲೇ, ಮಗು ನೋಡುತ್ತಿರುವಾಗ. ತನಗಾಗಿ ಸುಟ್ಟುಕೊಂಡ ಕೈಯನ್ನು ನೆನೆಸಿಕೊಂಡಳು. ಕಣ್ಣು ಅಗಲಿಸಿದಳು, ಕೆನ್ನೆ ಎತ್ತಿದಳು, ತುಟಿಯ ಮೇಲೆ ನಗು ತಂದಳು. ಕಣ್ಣಿನೊಳಗೆ ಅದನ್ನು ತರುವುದು ಹೇಗೆಂದು ಮಾತ್ರ ಗೊತ್ತಾಗಲಿಲ್ಲ. ಎದುರಿಗೆ ಕೊರ್ಕೊಳ ಮುಖ ಆ ಬಲವಂತದ ನಗುವನ್ನು ನೋಡಿ ನಿಧಾನವಾಗಿ ಬಿಗಿದುಕೊಳ್ಳುತ್ತಿತ್ತು. ಮಗು ಬಿಕ್ಕುವುದನ್ನು ನಿಲ್ಲಿಸಿ, ಒದ್ದೆ ರೆಪ್ಪೆಗಳನ್ನು ಎತ್ತಿ, ಒಬ್ಬಳ ಮುಖದಿಂದ ಇನ್ನೊಬ್ಬಳ ಮುಖಕ್ಕೆ, ಮತ್ತೆ ತಾಯಿಯ ಮುಖಕ್ಕೆ ಕಣ್ಣು ಹೊರಳಿಸಿತು.